ತೂಬಿನ ಕೀಲಿ ಯಾರ ಸೊಂಟದಲ್ಲಿ

ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯ ವಿಮಲಮ್ಮನ ಮಗ ಗಿರಿರಾಜನಿಗೆ ಮೂವತ್ತೆರಡು ವರ್ಷ. ಅಜ್ಜನ ಹೊಲ ಸೈಟಾಗಿ, ಸೈಟು ಮೂರಂತಸ್ತಿನ ಮನೆಯಾಗಿ, ಮನೆ ಐದು ಬಾಡಿಗೆ ಪೋರ್ಷನ್ ಆದ ಮೇಲೆ ಅವನಿಗೆ ಉಳಿದದ್ದು ಒಂದೇ ಕೆಲಸ: ಬೆಳಿಗ್ಗೆ ಮೋಟಾರ್ ಹಾಕಿ, ಬಾಡಿಗೆಯವರಿಗೆ ನೀರು ಬಿಡುವ ವಾಲ್ವ್ ತಿರುಗಿಸುವುದು. ಅದನ್ನೂ ಅಮ್ಮನಿಂದ ಹೇಳಿಸಿಕೊಂಡೇ ಮಾಡುತ್ತಿದ್ದ.

ಅಂಥವನು ಒಂದು ಆಟ ಕಲಿತು ಬಂದ. ಮೇಜಿನ ಸುತ್ತ ಕೂತು ಆಡುವುದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಕಥೆಯೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ಹೆಚ್ಚು ಬಿದ್ದಷ್ಟೂ ಒಳ್ಳೆಯದು. ರಾಜರಾಜೇಶ್ವರಿನಗರದ ಗೆಳೆಯರು ಇವನನ್ನು ಸೇರಿಸಿಕೊಂಡಿದ್ದರು. ಎಲ್ಲರ ಸರದಿಯಲ್ಲೂ ಬಾಯಿ ಹಾಕುತ್ತಾನೆಂದು ಕರೆಯುವುದು ಬಿಟ್ಟರು. ಈಗ ತಾನೇ ಆಟ ನಡೆಸಬೇಕು, ಜನ ತಾವಾಗಿಯೇ ತನ್ನ ಮೇಜಿಗೆ ಬರಬೇಕು ಎಂಬುದೇ ಅವನ ಆಸೆ. ಜನರನ್ನು ಎಲ್ಲಿಂದ ತರುವುದು? ಬಾಡಿಗೆಯವರನ್ನೇ ಹಿಡಿದ.

ಭಾನುವಾರ ನಾಲ್ಕಕ್ಕೆ ಟೆರೇಸಿನ ಮೇಲೆ ಮೂವರು ಬಂದು ಕೂತರು. ಊಟ ಡೆಲಿವರಿ ಮಾಡುವ ದುಂಡೇಶ, ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಶೈಲಾ, ಗಾರ್ಮೆಂಟ್ಸಿನ ಮಡಿವಾಳಪ್ಪ. ಮೂವರೂ ಬಾಗಲಕೋಟೆ ಕಡೆಯವರು. ಪಕ್ಕದ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ ನಾನು ನೋಡುತ್ತ ನಿಂತೆ.

ಗಿರಿರಾಜ ನಲವತ್ತು ಪುಟ ಬರೆದು ತಂದಿದ್ದ. ಕೆರೆ ದಂಡೆಗೆ ಡ್ರ್ಯಾಗನ್ ಬಂದಿದೆ, ಹೆದರಿದ ರಾಜ ತೂಬಿಗೆ ಬೀಗ ಹಾಕಿದ್ದಾನೆ, ಊರಿಗೆ ನೀರಿಲ್ಲ, ಮೂವರು ವೀರರು ಡ್ರ್ಯಾಗನ್ ಕೊಲ್ಲಬೇಕು. ಕೀಲಿಯನ್ನು ರಾಜನ ಸೊಂಟಕ್ಕೆ ಸಿಕ್ಕಿಸಿದ್ದ. ವಾಲ್ವಿನ ಕೀಲಿ ಇವನ ಸೊಂಟದಲ್ಲೇ ತೂಗುತ್ತಿತ್ತು. ತಲೆಯಲ್ಲಿ ಇದ್ದದ್ದು ತಾನೇ ಹೊರಗೆ ಬರುವುದು.

"ಸರ, ಡ್ರ್ಯಾಗನ್ ನೀರು ಕುಡೀತದೇನ್ರಿ?" ದುಂಡೇಶ ಕೇಳಿದ.

"ಇಲ್ಲ, ಬೆಂಕಿ ಉಗುಳುತ್ತೆ."

"ಮತ್ತ ನೀರು ನಿಲ್ಸಿದಾವ ರಾಜ ಅಲ್ಲೇನ್ರಿ? ಅರಮನಿ ಬಾಗಲಾಗ ಜಮಖಾನ ಹಾಸಿ ಕುಂದರ್ತೀವಿ."

"ಘೋಷಣೆ ನಾ ಕೂಗ್ತೀನ್ರಿ," ಎಂದಳು ಶೈಲಾ.

"ಕೀಲಿ ಕೊಡೋತನ ಏಳಂಗಿಲ್ಲ," ಎಂದ ಮಡಿವಾಳಪ್ಪ.

ನಲವತ್ತು ವರ್ಷ ಧರಣಿಗಳಲ್ಲಿ ಕೂತಿದ್ದೇನೆ; ಇಷ್ಟು ಬೇಗ ಒಮ್ಮತಕ್ಕೆ ಬಂದ ಜನರನ್ನು ಕಂಡಿಲ್ಲ.

ಗಿರಿರಾಜ ಪುಟ ತಿರುವಿದ. ಬರೆದು ತಂದ ನಲವತ್ತು ಪುಟದಲ್ಲಿ ಎಲ್ಲೂ ಧರಣಿ ಇರಲಿಲ್ಲ. "ಅದೆಲ್ಲ ಆಗಲ್ಲ. ಡ್ರ್ಯಾಗನ್ ಹತ್ರ ಹೋಗ್ರಪ್ಪಾ."

"ದಾಳ ಕೇಳೋಣ ತಗೋರಿ," ಎಂದು ದುಂಡೇಶ ಉರುಳಿಸಿದ. ಇಪ್ಪತ್ತು. ಅದಕ್ಕಿಂತ ಮೇಲೆ ಏನೂ ಇಲ್ಲ. ಶೈಲಾ ಚಪ್ಪಾಳೆ ತಟ್ಟಿದಳು.

"ಕೌಂಟ್ ಆಗಲ್ಲ ಗುರು. ಲೋಟಕ್ಕೆ ತಾಗ್ತು," ಎಂದ ಗಿರಿರಾಜ.

ದುಂಡೇಶ ಇನ್ನೊಮ್ಮೆ ಉರುಳಿಸಿದ. ಹತ್ತೊಂಬತ್ತು.

"ಆದ್ರೂ ರಾಜ ಒಪ್ಪಲ್ಲ."

"ಹಂಗಾರ ದಾಳ ಯಾಕ್ ಬೇಕ್ರಿ? ನೀವೊಬ್ರ ಆಡ್ಕೋರಿ," ಎಂದು ಶೈಲಾ ಎದ್ದಳು. ಉಳಿದಿಬ್ಬರೂ ಎದ್ದರು.

"ರಾಜ ಹೊರಗೆ ಬಂದ, ಮುಂದೇನು ಮಾಡ್ತೀರಿ?" ಎಂದು ಗಿರಿರಾಜ ಕೇಳಿದ್ದರೆ ಸಾಕಿತ್ತು; ಕತ್ತಲಾಗುವವರೆಗೂ ಆಡುತ್ತಿದ್ದರು. ಅವನು ಸೊಂಟದ ಕೀಲಿ ಮುಟ್ಟಿಕೊಂಡ.

"ಹೋಗಿ, ಹೋಗಿ. ಬೆಳಿಗ್ಗೆ ನೀರು ನೀರು ಅಂತ ಬರ್ತೀರಲ್ಲ, ಆಗ ನೋಡ್ಕೋತೀನಿ."

"ಥೂ, ನಾಚ್ಕೆ ಆಗಲ್ವೇನೋ?" ಎಂದು ಈ ಕಡೆಯಿಂದ ಕೂಗಿದೆ.

"ಅಂಕಲ್, ಇದು ಗೇಮು. ನಿಮಗೆ ಅರ್ಥ ಆಗಲ್ಲ."

ಮೂವರೂ ಮತ್ತೆ ಕೂತರು. ಹತ್ತು ನಿಮಿಷದಲ್ಲಿ ಡ್ರ್ಯಾಗನ್ ಸತ್ತಿತು.

ಮುಂದಿನ ಭಾನುವಾರ ಮೂರೂ ಮುಕ್ಕಾಲಿಗೇ ಮೂವರೂ ಹಾಜರು. ಗಿರಿರಾಜ ಹೊಸದೊಂದು ಡ್ರ್ಯಾಗನ್ ತಂದಿದ್ದ. ಅವನು ಏನು ಕೇಳಿದರೂ "ಕೊಲ್ತೀವ್ರಿ ಸರ" ಎಂಬುದೊಂದೇ ಉತ್ತರ. ಎಷ್ಟು ಬಿತ್ತೆಂದು ದಾಳದ ಕಡೆ ಯಾರೂ ನೋಡಲಿಲ್ಲ.

ಸಂಜೆ ಗೇಟಿನ ಹತ್ತಿರ ಗಿರಿರಾಜ ನನ್ನನ್ನು ನಿಲ್ಲಿಸಿದ. ಮುಖ ಅರಳಿತ್ತು.

"ನೋಡಿದ್ರಾ ಅಂಕಲ್? ಈ ಸಲ ಕರೀಲೇ ಇಲ್ಲ, ಅವರಾಗೇ ಬಂದ್ರು."