ಕಣದಲ್ಲಿ ಹೂತ ದುರ್ಬೀನಿನ ಕಾಲು

ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ಮೊಮ್ಮಗಳ ವಿದ್ಯೆಯಲ್ಲೂ ಇರಲಿಲ್ಲ. ಅವತ್ತು ಇಬ್ಬರು ಓದಿದವರು ಎರಡು ಗಂಟೆ ಕಂಪ್ಯೂಟರಿನ ಮುಂದೆ ಕೂತು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣ ನಾನು ಸಾರಿಸಿದ ಸಗಣಿ. ಆ ಮೇಷ್ಟ್ರು ಊರೆಲ್ಲ ಬೇರೆ ಕಥೆ ಹೇಳಿಕೊಂಡು ಓಡಾಡುತ್ತಾರೆ, ಅದನ್ನು ನಂಬಬೇಡಿ.

ನನ್ನ ಮಗನ ಮಗಳು ಕಾಲೇಜಿನಲ್ಲಿ ವಿಜ್ಞಾನದ ಪಾಠ ಹೇಳುತ್ತಾಳೆ. ಅವರ ಕಾಲೇಜಿಗೆ ಒಂದು ದುರ್ಬೀನು ಬಂತು. ಬರೀ ಕೊಳವೆಯಲ್ಲ. ಕೆಳಗೆ ಮೂರು ಕಾಲು, ಅದರ ಮೇಲೆ ಮೋಟಾರು ತುಂಬಿದ ಕಬ್ಬಿಣದ ಕುತ್ತಿಗೆ. ಕಂಪ್ಯೂಟರು ಹೇಳಿದ ಕಡೆಗೆ ತಾನೇ ತಿರುಗುತ್ತದೆ. ಅದನ್ನು ಯಾರ ಕೈಗೆ ಒಪ್ಪಿಸುವುದು ಎಂಬ ಮಾತು ಬಂದಾಗ ಪ್ರಿನ್ಸಿಪಾಲರು ಒಂದು ಪರೀಕ್ಷೆ ಇಟ್ಟರು. ಕ್ಯಾಮೆರಾವನ್ನು ಐದು ನಿಮಿಷ ತೆರೆದಿಟ್ಟು ಆಕಾಶದ ಫೋಟೋ ತೆಗೆಯಬೇಕು, ಅದರಲ್ಲಿ ನಕ್ಷತ್ರಗಳು ಗುಂಡಗೆ ಬರಬೇಕು. ಮೊದಲ ರಾತ್ರಿ ನನ್ನ ಮೊಮ್ಮಗಳದು. ಅವಳ ಕೈಲಿ ಆಗದಿದ್ದರೆ ದುರ್ಬೀನು ಅವಳಿಗಿಂತ ಹಿರಿಯರಾದ ಒಬ್ಬ ಮೇಷ್ಟ್ರಿಗೆ. ಸಾಕ್ಷಿಯಾಗಿ ನೋಡಲು ಕಳಿಸಿದ್ದೂ ಅದೇ ಮೇಷ್ಟ್ರನ್ನು! ಹೆಣ್ಣು ನೋಡಲು ಬಂದು ಕೊಕ್ಕೆ ಹುಡುಕುವ ಸೋದರತ್ತೆಯ ಮುಖ ಅವರದು.

ಕಾಲೇಜಿರುವ ಮಾಗಡಿಯಲ್ಲಿ ಬೀದಿದೀಪದ ಕಾಟ ಅಂತ ಅವಳು ಕಲ್ಯ ಹಳ್ಳಿಯ ನಮ್ಮ ಮನೆಯ ಹಿಂದಿನ ಕಣವನ್ನು ಆರಿಸಿಕೊಂಡಳು. ರಾಗಿ ಒಕ್ಕಣೆ ಮುಗಿದು ಕಣ ಅಲ್ಲಲ್ಲಿ ಕಿತ್ತುಹೋಗಿತ್ತು. ಅಷ್ಟು ದೊಡ್ಡ ಯಂತ್ರ ಬರುತ್ತದೆ, ಜೊತೆಗೆ ಪರರು ಬರುತ್ತಾರೆ, ಗುಂಡಿ ಬಿದ್ದ ಜಾಗ ತೋರಿಸಲಾದೀತೆ? ಬೆಳಿಗ್ಗೆ ಎರಡು ಮಂಕರಿ ಕೆಮ್ಮಣ್ಣು ಹೊತ್ತು ತಂದು ಗುಂಡಿಗೆ ತುಂಬಿ, ನೀರು ಹೊಯ್ದು ತುಳಿದು, ಮೇಲೆ ಸಗಣಿ ಬಗ್ಗಡ ಬಳಿದೆ. ಸಂಜೆಯ ಹೊತ್ತಿಗೆ ಒಣಗಿ ಚೊಕ್ಕಟವಾಗಿ ಕಾಣುತ್ತಿತ್ತು. ರಾಗಿ ಹರಡಲು ಅಷ್ಟು ಸಾಕು.

ಹೊತ್ತು ಮುಳುಗುವ ಮುಂಚೆ ಮೊಮ್ಮಗಳು ಯಂತ್ರವನ್ನು ಕಣದಲ್ಲಿ ನಿಲ್ಲಿಸಿ, ಗಾರೆಯವರ ಹಾಗೆ ರಸಮಟ್ಟ ಇಟ್ಟು ನೋಡಿದಳು. ಕತ್ತಲಾದ ಮೇಲೆ ಅದರ ಕುತ್ತಿಗೆಯನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಿದಳು. ದೊಡ್ಡ ಕೊಳವೆಯ ಬೆನ್ನಿಗೆ ಇನ್ನೊಂದು ಚಿಕ್ಕ ಕೊಳವೆ ಕೂತಿತ್ತು.

"ಇದ್ಯಾಕ್ ಮಗ, ಮರೀನೂ ಹೊತ್ಕೊಂಡೈತಲ್ಲ?" ಅಂದೆ.

"ಅದು ಕಾವ್ಲಿಗೆ ಅಜ್ಜಿ. ಒಂದೇ ನಕ್ಷತ್ರನ ನೋಡ್ತಾ ಕೂತಿರ್ತದೆ. ನಕ್ಷತ್ರ ಒಸಿ ಜರುಗಿದ್ರೂ ಕಂಪ್ಯೂಟ್ರಿಗೆ ಹೇಳ್ತದೆ, ಅದು ಮೋಟಾರ್ ತಿರುಗ್ಸಿ ಸರಿ ಮಾಡ್ತದೆ."

"ಅತ್ತೆ ಇದ್ದಂಗೆ ಅನ್ನು."

ಮೊಮ್ಮಗಳು ನಕ್ಕಳು. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ನಗಲಿಲ್ಲ. "ಅಮ್ಮಾ, ಒಸಿ ದೂರ ನಿಂತ್ಕೊಳ್ಳಿ. ಕಾಲೇಜಿನವರು ಬಿಟ್ಟು ಬೇರೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ, ರೂಲ್ಸ್ ಇದೆ."

"ನಾನ್ಯಾಕ್ ಮುಟ್ಲಿ ಮೇಷ್ಟ್ರೆ, ಅದೇನು ಹಾಲು ಕೊಡ್ತದಾ?"

ಆಮೇಲೆ ಶುರುವಾಯಿತು ಗೋಳು. ಕಂಪ್ಯೂಟರಿನ ಪರದೆ ಮೇಲೆ, ನಕ್ಷತ್ರ ಜರುಗುವುದನ್ನು ತೋರಿಸುವ ಒಂದು ಗೆರೆ ನೆಟ್ಟಗೆ ಮಲಗಿರಬೇಕಿತ್ತಂತೆ. ಅದು ಮಲಗದು, ಮೇಲಕ್ಕೇ ಹತ್ತುತ್ತದೆ. ಮೋಟಾರು ಎಳೆದು ತಂದರೆ ಮತ್ತೆ ಹತ್ತುತ್ತದೆ. ಅವಳು ಕಾವಲಿನ ನಕ್ಷತ್ರ ಬದಲಾಯಿಸಿದಳು, ವೈರು ಬದಲಾಯಿಸಿದಳು, ಧ್ರುವಕ್ಕೆ ಮತ್ತೆ ಹೊಂದಿಸಿದಳು. ತೆಗೆದ ಫೋಟೋಗಳಲ್ಲಿ ಸಾಸಿವೆಯಂತೆ ಇರಬೇಕಾದ ನಕ್ಷತ್ರಗಳು ಜೀರಿಗೆಯಂತಿದ್ದವು.

"ಧ್ರುವಕ್ಕೆ ಸರಿಯಾಗಿ ಹೊಂದಿಸಿಲ್ಲ ಅನ್ಸುತ್ತೆ ಮೇಡಂ," ಅಂದರು ಮೇಷ್ಟ್ರು.

"ಮೂರು ಸಲ ಹೊಂದಿಸ್ದೆ ಸರ್. ಹತ್ತು ನಿಮಿಷಕ್ಕೆ ಮತ್ತೆ ತಪ್ಪೋಗಿರ್ತದೆ."

"ಹೋಗ್ಲಿ ಬಿಡಿ. ಎಲ್ರಿಗೂ ಎಲ್ಲಾ ಬರಬೇಕು ಅಂತೇನಿಲ್ಲ." ಬೆಲ್ಲದಂತಹ ದನಿ. ಮೊಮ್ಮಗಳು ಕಂಪ್ಯೂಟರಿನ ಗುಂಡಿ ಒತ್ತುತ್ತಲೇ ಇದ್ದಳು.

ಊಟಕ್ಕೆ ಕರೆಯಲು ಟಾರ್ಚು ಹಿಡಿದು ಹೋದೆ. "ಲೈಟ್ ಆರ್ಸಜ್ಜಿ!" ಎಂದು ಕೂಗಿಕೊಂಡಳು. ಆರಿಸಿದೆ. ಆರಿಸುವಷ್ಟರಲ್ಲಿ ಕಂಡೇಬಿಟ್ಟಿತು. ಎರಡು ಕಾಲು ಹಳೆಯ ಗಟ್ಟಿ ಕಣದ ಮೇಲೆ ನಿಂತಿದ್ದವು. ಮೂರನೆಯದು ನಾನು ಮಣ್ಣು ತುಂಬಿದ ಗುಂಡಿಯ ಮೇಲೆ. ಮೇಲೆ ಒಣಗಿದ್ದರೂ ಒಳಗೆ ಹಸಿ. ಆ ಕಾಲು ನಿಧಾನವಾಗಿ ಇಳಿಯುತ್ತಾ ಬೆರಳುದ್ದ ಒಳಗೆ ಹೋಗಿತ್ತು. ನೆಲವೇ ಕುಸಿಯುತ್ತಿದ್ದರೆ ಧ್ರುವಕ್ಕೆ ನೂರು ಸಲ ಹೊಂದಿಸಿದರೂ ಅಷ್ಟೇ.

ಹೇಳಬಹುದಿತ್ತು. ಹೇಳಲಿಲ್ಲ. ಆ ಮನುಷ್ಯನ ಮುಂದೆ ನನ್ನ ಕೈಕೆಲಸದ ಮರ್ಯಾದೆ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

"ಮುದ್ದೆ ಆರೋಯ್ತದೆ, ಉಂಡ್ಬುಟ್ಟು ಬನ್ನಿ," ಎಂದು ಇಬ್ಬರನ್ನೂ ಒಳಗೆ ಕಳಿಸಿದೆ. ಮೇಷ್ಟ್ರಿಗೆ ಎರಡು ಮುದ್ದೆ ಬಡಿಸು, ಬೇಡ ಅಂದರೂ ಬಿಡಬೇಡ ಎಂದು ಸೊಸೆಗೆ ಕಿವಿಯಲ್ಲಿ ಹೇಳಿದೆ. ಕೊಟ್ಟಿಗೆಯ ಬಳಿ ಬಿದ್ದಿದ್ದ ಚಪ್ಪಡಿ ಕಲ್ಲಿನ ಚೂರು ತಂದೆ. ಹೂತ ಕಾಲನ್ನು ಹೆಗಲು ಕೊಟ್ಟು ಎತ್ತಿ, ಪಾದದಿಂದ ಕಲ್ಲನ್ನು ಅಡಿಗೆ ತಳ್ಳಿದೆ. ಯಾರಿಗೂ ಗೊತ್ತಾಗದು ಎಂದುಕೊಂಡಿದ್ದೆ. ಕಂಪ್ಯೂಟರು ಕೀ ಕೀ ಎಂದು ಬಾಯಿ ಮಾಡಿತು. ಕಾವಲಿನ ನಕ್ಷತ್ರ ಕಳೆದುಹೋಯಿತೆಂದು ಅದರ ಚಾಡಿ!

ಇಬ್ಬರೂ ಎಂಜಲು ಕೈಯಲ್ಲೇ ಓಡಿಬಂದರು.

"ಯಾರ್ ಅಜ್ಜಿ ಮುಟ್ಟಿದ್ದು?"

"ಹಸ ಬಂದಿತ್ತು."

ಅವಳು ಬಗ್ಗಿ ನೋಡಿದಳು. "ಹಸ ಬಂದು ಕಾಲಡೀಗೆ ಚಪ್ಪಡಿ ಇಟ್ಟೋಯ್ತಾ?"

"ಒಳ್ಳೆ ತಳಿ ಹಸ ಕಣವ್ವ."

ಕಲ್ಲಿನ ಅಂಚಿನಲ್ಲಿ ಕಾಣುತ್ತಿದ್ದ, ಕಾಲು ಹೂತ ಹಸಿ ತೂತಿಗೆ ಬೆರಳು ಹಾಕಿದಳು, ಮೂಸಿದಳು. "ಯಾವಾಗ್ ಸಾರ್ಸ್ದೆ?"

"ಇವತ್ತೇ. ನಿನ್ ಮರ್ವಾದೆಗೆ ಅಂತ."

ಅವಳು ಕಣದಲ್ಲೇ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎದ್ದು ಕೈ ತೊಳೆದು, ಉಳಿದ ಎರಡು ಕಾಲಿಗೂ ತಾನೇ ಕಲ್ಲು ಕೊಟ್ಟು, ರಸಮಟ್ಟದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿದಳು. ಈ ಸಲ ಗೆರೆ ನೆಟ್ಟಗೆ ಮಲಗಿತು. ಐದು ನಿಮಿಷದ ಫೋಟೋದಲ್ಲಿ ನಕ್ಷತ್ರಗಳು ಸಾಸಿವೆ, ಒಂದೊಂದೂ ಗುಂಡಗೆ. ನಡುವೆ ಹೊಗೆಯಂಥದ್ದೇನೋ, ಅವರೆ ಹೂವಿನ ಬಣ್ಣ. ಇಷ್ಟಕ್ಕೆ ಇಷ್ಟು ಒದ್ದಾಟವೇ ಅನಿಸಿತು.

ಮೇಷ್ಟ್ರು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಕೊಕ್ಕೆ ಸಿಗಲಿಲ್ಲ. "ಫೋಟೋ ಬಂದಿದೆ, ಇಲ್ಲ ಅನ್ನಲ್ಲ. ಆದ್ರೆ ಹೊರಗಿನವರು ಯಂತ್ರ ಎತ್ತಿದ್ದಾರೆ. ನಾನು ಸಾಕ್ಷಿ, ಹೇಳದೆ ಇರೋಕಾಗಲ್ಲ. ಇದು ಲೆಕ್ಕಕ್ಕೆ ಬರಲ್ಲ ಮೇಡಂ."

ಮೊಮ್ಮಗಳ ನಗು ಅಲ್ಲಿಗೇ ನಿಂತಿತು. "ಹೇಳಿ ಸರ್," ಅಂದಳು, ಅಷ್ಟೇ.

"ಹೇಳ್ಬೇಕು ಮೇಷ್ಟ್ರೆ, ಸತ್ಯ ಯಾಕ್ ಮುಚ್ಚಿಡಬೇಕು," ಅಂದೆ ನಾನೂ. ಅವರಿಗೆ ನಡುಮನೆಯಲ್ಲಿ ಹಾಸಿಗೆ ಹಾಸಿ, ಎರಡು ಕಂಬಳಿ ಹೊದಿಸಿ, ಬಿಸಿ ಹಾಲು ಕೊಟ್ಟೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದಾಗಲೇ ಎದ್ದೆ. ಯಾರೂ ಅವರನ್ನು ಎಬ್ಬಿಸಕೂಡದೆಂದು ಸೊಸೆಗೆ ಹೇಳಿ, ಒಗೆದ ಸೀರೆ ಉಟ್ಟು ಮಾಗಡಿಗೆ ಮೊದಲ ಬಸ್ಸು ಹತ್ತಿದೆ. ಕಾಲೇಜಿನ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದು, ಪ್ರಿನ್ಸಿಪಾಲರು ಬಂದ ಕೂಡಲೇ ಎದುರಿಗೆ ಹೋಗಿ ನಿಂತೆ.

"ಸ್ವಾಮಿ, ಕಣ ಕೆಡಿಸ್ದೋಳೂ ನಾನೆ, ಯಂತ್ರದ ಕಾಲು ಎತ್ತಿದೋಳೂ ನಾನೆ. ಆಮೇಕೆ ನನ್ ಮೊಮ್ಮಗಳು ಎಲ್ಲಾನೂ ಮೊದಲಿಂದ ಮಾಡವ್ಳೆ, ನಕ್ಷತ್ರ ಗುಂಡಗೆ ಬಂದವೆ, ನಿಮ್ ಮೇಷ್ಟ್ರು ಕಣ್ಣಾರೆ ನೋಡವ್ರೆ. ಬೈಯೋದಿದ್ರೆ ನನ್ನ ಬೈರಿ, ದುರ್ಬೀನು ಅವಳಿಗೆ ಕೊಡಿ."

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಅಲ್ಲೇ ನಿಂತು ಮೊಮ್ಮಗಳಿಗೆ ಫೋನು ಮಾಡಿ ದುರ್ಬೀನು ಅವಳ ಹತ್ತಿರವೇ ಇರಲಿ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಸಾಕ್ಷಿಗೆ ಕಳಿಸಿದ ಮೇಷ್ಟ್ರು ಎಲ್ಲಿ ಎಂದು ಕೇಳಿದರು.

"ಇನ್ನೂ ಮಲಗವ್ರೆ ಸ್ವಾಮಿ," ಅಂದೆ. "ಪಾಪ, ಎರಡು ಮುದ್ದೆ ಉಂಡವ್ರೆ."