ಒಡಪಿನಲ್ಲಿ ಬಂದ ಹೆಸರು

ನಾನು ಚಿಕ್ಕವನಿದ್ದಾಗ, ಎಂಟು ವರ್ಷ ತುಂಬುವವರೆಗೂ, ನನಗೆ ನಮ್ಮಪ್ಪನ ಹೆಸರು ಗೊತ್ತಿರಲಿಲ್ಲ. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿದ ಮೇಲೆ ಬೇಕಾದರೆ ನಗಿ. ನಮ್ಮದು ಹದಿನೆಂಟು ಮನೆಯ ಊರು. ಸುತ್ತ ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆಹೊಲ, ಊರಿಗೂ ಹೊರಗಿನ ಲೋಕಕ್ಕೂ ನಡುವೆ ಒಂದು ಹಳ್ಳ. ಹದಿನೆಂಟು ಮನೆಯವರೂ ಒಬ್ಬರಿಗೊಬ್ಬರು ನೆಂಟರು. ಎಲ್ಲರಿಗಿಂತ ಹಿರಿಯ ಅಪ್ಪನೇ. ಒಬ್ಬರಿಗೆ ಅಣ್ಣ, ಒಬ್ಬರಿಗೆ ಕಾಕಾ, ಇನ್ನೊಬ್ಬರಿಗೆ ಮಾವ. ಹೆಸರು ಹಿಡಿದು ಕರೆಯುವ ವಯಸ್ಸಿನವರು ಯಾರೂ ಉಳಿದಿರಲಿಲ್ಲ. ಅವ್ವನಂತೂ 'ಏನ್ರೀ' ಎನ್ನುತ್ತಿದ್ದಳು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮೂರಿಗೆ ಶಾಲೆ ಬಂತು. ಶಾಲೆ ಬಂತು ಅಂದರೆ ಕಟ್ಟಡ ಬರಲಿಲ್ಲ, ಮಾಸ್ತರರು ಬಂದರು. ಧೋತರವನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹಳ್ಳ ದಾಟಿ ಬಂದರು. ನಾವು ಸೈಕಲ್ಲು ಕಂಡದ್ದು ಅದೇ ಮೊದಲು. ಅದು ಮನುಷ್ಯರು ಹೊರುವ ಸಾಮಾನು ಎಂದೇ ತಿಳಿದುಕೊಂಡೆವು. ಅವರು ಮೈಸೂರು ಕಡೆಯವರು, ಅವರ ಮಾತು ಕೇಳಿದರೇ ನಮಗೆ ನಗು. ಗುಡಿಯ ಕಟ್ಟೆಯ ಮೇಲೆ ಕೂತು ಚೀಲದಿಂದ ದಪ್ಪ ರಟ್ಟಿನ ಪುಸ್ತಕ ತೆಗೆದರು. ಆ ಹೊಸ ಕಾಗದದ ವಾಸನೆ, ದೌತಿಯ ಮಸಿಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಸಂಜೆಯೊಳಗೆ ಮಕ್ಕಳ ಪಟ್ಟಿ ತೆಗೆದುಕೊಂಡು ತಾಲೂಕು ಕಚೇರಿಗೆ ಹೊರಡಬೇಕು, ಪಟ್ಟಿಯಲ್ಲಿ ಇಲ್ಲದವರಿಗೆ ಮುಂದಿನ ವರ್ಷವೇ ಶಾಲೆ ಎಂದರು.

ಮುಂದಿನ ವರ್ಷ ಅಂದರೆ ನನಗೆ ಒಂಬತ್ತು. ಒಂಬತ್ತಕ್ಕೆ ನಮ್ಮಲ್ಲಿ ಹುಡುಗರ ಕೈಗೆ ಬಾರುಕೋಲು ಬರುತ್ತಿತ್ತು. ಆಮೇಲೆ ಹಲಗೆ ಬಳಪ ಯಾರು ಕೊಡುತ್ತಾರೆ? ಊರಿನ ಗಂಡಸರೆಲ್ಲ ಉಳ್ಳಾಗಡ್ಡಿಯ ಗಾಡಿ ಹೂಡಿಕೊಂಡು ಪೇಟೆಗೆ ಹೋಗಿದ್ದರು. ಬರುವುದಕ್ಕೆ ಇನ್ನೂ ಎರಡು ದಿನವಿತ್ತು. ಮಾಸ್ತರರು ಬಂದರೆ ಇವನ ಹೆಸರು ಹಚ್ಚು ಎಂದು ಅಪ್ಪ ಅವ್ವನಿಗೆ ಹೇಳಿಯೇ ಹೋಗಿದ್ದ. ತನ್ನ ಹೆಸರೂ ಬೇಕಾಗುತ್ತದೆ ಎಂದು ಪಾಪ ಅವನಿಗೆ ಹೊಳೆದಿರಲಿಲ್ಲ.

ಹೆಂಗಸರು ಮಕ್ಕಳನ್ನು ಎಳೆದುಕೊಂಡು ಬಂದರು. ತಂದೆಯ ಹೆಸರೇನು ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲೊಲ್ಲರು. ಸಂಬಂಧದಲ್ಲಿ ಅವ್ವ ಎಲ್ಲರಿಗೂ ಹಿರಿಯಳು, ಅವಳಿಗೆ ಉಳಿದವರ ಗಂಡಂದಿರ ಹೆಸರು ಹೇಳಲು ಅಡ್ಡಿಯಿಲ್ಲ. ಒಂದೊಂದಾಗಿ ಎಲ್ಲರದನ್ನೂ ಪಟಪಟನೆ ಬರೆಸಿದಳು. ಕೊನೆಗೆ ನನ್ನ ಸರದಿ ಬಂತು. ಈಗ ಅವ್ವನ ಬಾಯಿ ಕಟ್ಟಿತು. ಅವಳ ಬದಲು ಹೇಳೋಣವೆಂದರೆ ಉಳಿದವರಿಗೆ ನಮ್ಮಪ್ಪ ಭಾವ ಇಲ್ಲವೇ ಮಾವ, ಅವರ ಹೆಸರೂ ಹೇಳುವಂತಿಲ್ಲ. ಅವರೂ ಸೆರಗನ್ನು ಬಾಯಿಗೆ ಹಿಡಿದು ನಿಂತರು. ಮಾಸ್ತರರು ನನ್ನನ್ನು ಕೇಳಿದರು. "ಅಪ್ಪ" ಎಂದೆ. ಅಕ್ಕನನ್ನು ಕೇಳಿದರು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ಎಷ್ಟೋ ಜಾಣೆ. ಅವಳೂ "ಅಪ್ಪ" ಎಂದಳು.

ಆಗ ಅವ್ವ ಗುಡಿಯ ಮುಂದೆ ಮೆಲುಕು ಹಾಕುತ್ತ ಮಲಗಿದ್ದ ಮುದಿ ಎತ್ತಿನ ಕಡೆಗೆ ಬೆರಳು ತೋರಿಸಿದಳು. ಮಾಸ್ತರರು ತಲೆಯಾಡಿಸಿ ಏನೋ ಬರೆದುಕೊಂಡರು. ಗೆದ್ದೆವು ಎಂದುಕೊಂಡೆ. ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದರು: ತಂದೆಯ ಉದ್ಯೋಗ, ಎತ್ತಿನ ವ್ಯಾಪಾರ. ಹೆಸರಿನ ಜಾಗ ಖಾಲಿಯೇ ಇತ್ತು.

ಹೊತ್ತು ಇಳಿಯುತ್ತಿತ್ತು. ಮಾಸ್ತರರು ದೌತಿಗೆ ಮುಚ್ಚಳ ಹಾಕಿದರು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅವ್ವ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಹಳ್ಳದ ಆಚೆಯ ಗಾಡಿದಾರಿ ನೋಡಿದಳು. ಮಾಸ್ತರರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿ ಮನೆಗೆ ಓಡಿದಳು.

ಬಂದಾಗ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಆರತಿ ತಟ್ಟೆ, ಅರಿಷಿಣ ಕುಂಕುಮ, ಒಂದು ಬಟ್ಟಲು ಸಕ್ಕರೆ. ಮದುವೆ, ತೊಟ್ಟಿಲು ಮುಂತಾದ ಶುಭಕಾರ್ಯಗಳಲ್ಲಿ ಮಾತ್ರ ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಹೇಳಬಹುದಿತ್ತು, ಅದೂ ಪ್ರಾಸ ಕಟ್ಟಿದ ಎರಡು ಸಾಲಿನ ನಡುವೆ ಇಟ್ಟು. ಅದಕ್ಕೆ ಒಡಪು ಎನ್ನುತ್ತಾರೆ. ಹಾಗೆ ಹೇಳಿದರೆ ದೋಷವಿಲ್ಲ. ಶುಭಕಾರ್ಯ ಇಲ್ಲದಿದ್ದರೇನಾಯಿತು, ಅವ್ವ ತಾನೇ ಒಂದನ್ನು ಮಾಡಿಬಿಟ್ಟಳು. ಸರಕಾರದ ಪುಸ್ತಕಕ್ಕೆ ಕುಂಕುಮ ಹಚ್ಚಿದಳು, ಆರತಿ ಬೆಳಗಿದಳು. ಆಮೇಲೆ ಕಣ್ಣು ಮುಚ್ಚಿ ಹೇಳಿದಳು:

"ಹಳ್ಳಾ ದಾಟಿ ಸಾಲಿ ಬಂತು, ಹಲಗಿ ಹಿಡದ ಮಗ,
ಬಸಪ್ಪನವರ ಹೆಸರ ಹೇಳತೀನಿ, ಬರಕೋರಿ ಈಗ."

ಬಸಪ್ಪ! ಅವ್ವ ಎತ್ತಿನ ಕಡೆ ಬೆರಳು ಮಾಡಿದ್ದು ಯಾಕೆಂದು ಆಗ ತಿಳಿಯಿತು. ಮಾಸ್ತರರು ನಗಲಿಲ್ಲ. ಅವರು ಎದ್ದು ನಿಂತು ಆ ಹೆಸರನ್ನು ಬರೆದರು. ನನಗೆ ಅವರ ಮೇಲಿನ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಮುಗಿಯಿತು ಎಂದುಕೊಂಡರೆ ಮಾಸ್ತರರು ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ, "ತಾಯಿ, ನಿಮ್ಮ ಹೆಸರು?" ಎಂದರು. ಅವ್ವ ತಬ್ಬಿಬ್ಬಾದಳು. ಅದಕ್ಕೆ ಅವಳ ಬಳಿ ಒಡಪು ಇರಲಿಲ್ಲ. ಮದುವೆಯ ದಿನ ನಮ್ಮಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಿದ್ದರು, ಬದಲಿಸಿದ ಹೆಸರಿನಿಂದಲೂ ಯಾರೂ ಕರೆಯುತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವಳ ಹೆಸರು ಕೇಳಿದ ಮೊದಲ ಮನುಷ್ಯ ಆ ಮಾಸ್ತರರು. ಅಪ್ಪನ ಹೆಸರು ಹೇಳುವುದಕ್ಕಿಂತ ಹೆಚ್ಚು ಹೊತ್ತು ಅವಳಿಗೆ ಅದಕ್ಕೆ ಹಿಡಿಯಿತು. ಕೊನೆಗೆ ಮೆಲ್ಲಗೆ ತವರಿನಲ್ಲಿ ತನಗಿಟ್ಟ ಹೆಸರು ಹೇಳಿದಳು. ಅವರು ಬರೆದದ್ದನ್ನು ಬಗ್ಗಿ ನೋಡಿದಳು, ಓದಲು ಬಾರದಿದ್ದರೂ ನೋಡಿದಳು. ಆಮೇಲೆ ಅಕ್ಕನ ತೋಳು ಹಿಡಿದು ಮುಂದೆ ತಂದಳು.

"ಈಕಿ ಹೆಸರೂ ಬರಕೋರಿ," ಎಂದಳು.

ಹೆಣ್ಣುಮಕ್ಕಳನ್ನು ಶಾಲೆಗೆ ಹಾಕುವ ಮಾತು ಆವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಅಪ್ಪ ಬರುವವರೆಗಿನ ಎರಡು ದಿನ ಅವ್ವನ ಜೀವದಲ್ಲಿ ಜೀವವಿರಲಿಲ್ಲ. ಶುಭಕಾರ್ಯ ತಾನೇ ಮಾಡಿದ್ದು, ದೇವರು ಒಪ್ಪಿದನೋ ಇಲ್ಲವೋ ಎಂಬ ಹೆದರಿಕೆ. ಎತ್ತಿನ ಗೆಜ್ಜೆ ಸದ್ದು ಕೇಳಿದ್ದೇ ಹಳ್ಳದವರೆಗೂ ಓಡಿದಳು. ಸುದ್ದಿಯೆಲ್ಲ ಕೇಳಿ ಅಪ್ಪ, ಅಕ್ಕನನ್ನು ಶಾಲೆಗೆ ಹಚ್ಚಿದ್ದಕ್ಕೆ ಒಂದು ಮಾತೂ ಆಡದೆ, "ನನ್ನ ಮುಂದ ಒಮ್ಮೆ ಹೇಳು ನೋಡೂಣು" ಎಂದು ಕಾಡಿದ. ಅವ್ವ ಹೇಳಲಿಲ್ಲ.

ಈಗ ನಾನು ಅಮೆರಿಕದ ಕ್ಯಾಂಟನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಯಾವ ಹಳ್ಳವನ್ನೂ ದಾಟಬೇಕಾಗಿಲ್ಲ, ಶಾಲೆಯ ಹಳದಿ ಬಸ್ಸು ನಮ್ಮ ಬಡಾವಣೆಯ ಬಾಯಿಗೇ ಬಂದು ನಿಲ್ಲುತ್ತದೆ. ಪಕ್ಕದ ಮನೆಯ ಎಂಬತ್ತು ದಾಟಿದ ಮುದುಕರನ್ನು ಮೊಮ್ಮಗಳು ಹೆಸರು ಹಿಡಿದೇ ಕೂಗುತ್ತಾಳೆ. ಅವರು ಖುಷಿಯಿಂದ ಕೈ ಬೀಸುತ್ತಾರೆ, ಅವರ ಆಯುಷ್ಯವೇನೂ ಕಡಿಮೆಯಾದಂತೆ ಕಾಣುವುದಿಲ್ಲ. ಹೋದ ವಾರ ಅವಳಿಗೆ ಶಾಲೆಯಲ್ಲಿ ಮನೆತನದ ಮರ ಬರೆಯಲು ಹೇಳಿದ್ದರು. ಅಜ್ಜನ ಎಲೆಯಲ್ಲಿ ಅವಳು 'ಏನ್ರೀ' ಎಂದು ಬರೆದಿದ್ದಳು. ನಿಮ್ಮ ಅಜ್ಜಿ ಅಡುಗೆಮನೆಯಿಂದ ದಿನಕ್ಕೆ ನೂರು ಸಲ ನನ್ನನ್ನು ಕರೆಯುವುದೇ ಹಾಗಲ್ಲವೇ? ಟೀಚರು ಸ್ಪೆಲಿಂಗ್ ತಪ್ಪಿದೆ ಎಂದು ತಿದ್ದಿ 'ಹೆನ್ರಿ' ಮಾಡಿ ಕಳಿಸಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಪ್ಪನ ಹೆಸರು ತಿಳಿಯದ ಹುಡುಗನಿಗೆ ತಕ್ಕ ಮೊಮ್ಮಗಳು.

ನನ್ನ ಹೆಸರು ತಿದ್ದಿಸಿದೆ. ಅದರ ಮೇಲೆ ಇನ್ನೊಂದು ಎಲೆ ಖಾಲಿ ಇತ್ತು. "ಅಜ್ಜಾ, ವಾಟ್ ವಾಸ್ ಯುವರ್ ಮಾಮ್ಸ್ ನೇಮ್?" ಎಂದಳು. ಮದುವೆಯಾದ ಮೇಲಿನ ಹೆಸರು ರೇಷನ್ ಕಾರ್ಡಿನಲ್ಲೂ ಇದೆ, ಮತದಾರರ ಪಟ್ಟಿಯಲ್ಲೂ ಇದೆ. ಅದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ನೀಲವ್ವ," ಎಂದೆ. ಮೊಮ್ಮಗಳು ಹಸಿರು ಪೆನ್ಸಿಲ್ಲಿನಲ್ಲಿ ಅದನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಕಟ್ಟೆಯ ಮೇಲಿನ ಆ ಪುಸ್ತಕದ ನಂತರ ನಮ್ಮವ್ವನ ಆ ಹೆಸರನ್ನು ಯಾರಾದರೂ ಕಾಗದದ ಮೇಲೆ ಬರೆದದ್ದು ಅದೇ ಎರಡನೆಯ ಸಲ.