ಕಾಕಾ ಆರಿಸಿಕೊಟ್ಟ ಕಪ್ಪು ಲೇಪ

ನನಗೆ ಗಾಡಿ ಕಲಿಸುವಾಗ ಕಾಕಾ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು. ಗಾಬರಿಯಲ್ಲಿ ತಾವೇ ಸ್ಟೇರಿಂಗಿಗೆ ಕೈಹಾಕಿಬಿಟ್ಟರೆ ನಾನು ಎಂದೂ ಕಲಿಯುವುದಿಲ್ಲ ಎಂಬುದು ಅವರ ಲೆಕ್ಕ. ಇಳಿದ ಮೇಲೆ ನೋಡಿದರೆ ಬೆರಳುಗಳೆಲ್ಲ ಕೆಂಪಗಾಗಿ, ಉಂಗುರದ ಅಚ್ಚು ಪಕ್ಕದ ಬೆರಳಿನ ಮೇಲೆ ಮೂಡಿರುತ್ತಿತ್ತು. ಅದನ್ನು ಉಜ್ಜಿಕೊಳ್ಳುತ್ತ, “ಇವತ್ತ ಚಲೋ ನಡಸಿದಿ ನೋಡವಾ. ದೇವರ ನೆನಪ ಭಾಳ ಆಗಲಿಲ್ಲ,” ಎನ್ನುತ್ತಿದ್ದರು.

ಅವರು ನಮಗೆ ಬಂಧುಗಳಲ್ಲ. ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆಯ ಬಾಜುವಿನವರು. ಪೇಟೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿ ಇಟ್ಟಿದ್ದರು. ನಾನು ಮೆಡಿಕಲ್ ಸೇರಿದ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ಯಾರೂ ಹೇಳದೆಯೇ ಕಾಕಾ ನಮ್ಮ ಮನೆಯ ಹಿರಿಯರ ಜಾಗಕ್ಕೆ ಬಂದು ನಿಂತರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಮ್ಮ ಗೇಟಿನ ಹತ್ತಿರ ಬಂದು “ವೈನಿ, ಪ್ಯಾಟ್ಯಾಗಿಂದ ಏನರ ತರೂದೈತೇನ್ರಿ?” ಎಂದು ಅವ್ವನನ್ನು ಕೇಳದೆ ಅಂಗಡಿಗೆ ಹೊರಡುತ್ತಿರಲಿಲ್ಲ. ಅದೇ ಬಿಳಿ ಅಂಗಿಯಲ್ಲಿ ಗೋಣಿಚೀಲ ಹಾಸಿಕೊಂಡು ಗಿರಾಕಿಯ ಗಾಡಿಯ ಕೆಳಗೆ ನುಸುಳುತ್ತಿದ್ದರು. ಹೊರಗೆ ಬಂದಾಗಲೂ ಅಂಗಿ ಬಿಳಿಯಾಗಿಯೇ ಇರುತ್ತಿತ್ತು. ಹೇಗೆ ಎಂದು ಕೇಳಿದರೆ ನಗುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಜೀಪು ಕಲಿಯುವುದೆಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಒಬ್ಬ ಹಿರಿಯರು ಕಾಕಾ ಅವರನ್ನೇ ತಡೆದು, ಇದೆಲ್ಲ ಯಾಕೆ ಎಂದು ಕೇಳಿದರು. “ಡಾಕ್ಟರ್ ಆಗಾಕಿ ಐತ್ರಿ. ಪೇಷಂಟ್ ಇದ್ದಲ್ಲಿ ಹೋಗಾಕ ಆಕಿ ಯಾರ ದಾರಿನೂ ಕಾಯಬಾರದು,” ಎಂದರು ಕಾಕಾ. ಆ ಮಾತನ್ನು ನಾನು ಎದೆಯಲ್ಲಿಟ್ಟುಕೊಂಡು ಓದಿದೆ.

ಓದು ಮುಗಿಸಿ ಖಾನಾಪುರದಲ್ಲಿ ದವಾಖಾನೆ ತೆರೆದೆ. ಜಾಂಬೋಟಿ ಕಡೆಯ ಹಳ್ಳಿಗಳಿಗೂ ಹೋಗಬೇಕಾಗುತ್ತಿತ್ತು. ಮಳೆಗಾಲದಲ್ಲಿ ಅಲ್ಲಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಜೀಪು ಬೇಕು ಎಂದು ಕಾಕಾ ಅವರಿಗೆ ಹೇಳಿದೆ. ಸ್ವಲ್ಪ ದಿನಗಳಲ್ಲೇ, “ಮಿಲ್ಟ್ರಿ ಹರಾಜಿನಾಗ ಒಂದು ಸಿಕ್ಕೈತಿ. ಇಂಜಿನ್ ಕಲ್ಲಿದ್ದಂಗೈತಿ. ಬಣ್ಣ ಒಂದ ಮಾಡಸೂದು,” ಎಂದು ಹೇಳಿಕಳಿಸಿದರು.

ಜೀಪು ವಡಗಾವಿಯ ಒಂದು ವರ್ಕ್‌ಶಾಪಿನಲ್ಲಿ ನಿಂತಿತ್ತು. ಆಚೀಚೆ ಮಗ್ಗಗಳ ಸದ್ದು, ನಡುವೆ ಪೇಂಟರನ ತಗಡಿನ ಶೆಡ್ಡು. ನನ್ನ ಚಿಂತೆಯೆಲ್ಲ ಹಿಂಭಾಗದ ತಳದ ಮೇಲಿತ್ತು. ಅಲ್ಲಿ ರೋಗಿಗಳನ್ನು ಮಲಗಿಸಬೇಕು. ಕೆಸರು, ರಕ್ತ, ವಾಂತಿ ಬಿದ್ದಲ್ಲಿ ನೀರು ಹೊಡೆದು ತೊಳೆಯಬೇಕು. ಕಾಲು ಜಾರಬಾರದು, ತುಕ್ಕು ಹಿಡಿಯಬಾರದು. ಬರೀ ಬಣ್ಣವಾದರೆ ಒಂದು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ ಎಂದ ಪೇಂಟರ. ಡಾಂಬರು ಬಳಿದು ಮೇಲೆ ಮರಳು ಉದುರಿಸಿದರೆ ಹಿಡಿತ ಸಿಗುತ್ತದೆ, ಆದರೆ ಬೇಸಿಗೆಯಲ್ಲಿ ಕಾಲಿಗೆ ಅಂಟುತ್ತದೆ. ಮೂರನೆಯದು ಪುಣೆಯಿಂದ ಕಾಕಾ ತರಿಸಿದ್ದ ಡಬ್ಬಿ. ಲಾರಿಗಳ ಹೊಟ್ಟೆಗೆ ಹಚ್ಚುವ, ರಬ್ಬರ್ ಬೆರೆತ ಕಪ್ಪು ಲೇಪ. ಒಣಗಿದರೆ ದಪ್ಪ ಚರ್ಮದಂತೆ ಆಗುತ್ತದೆ, ಕಲ್ಲು ಸಿಡಿದರೂ ಒಡೆಯುವುದಿಲ್ಲ.

ಅದನ್ನೇ ಹಚ್ಚೋಣ ಎಂದು ನನಗೂ ಅನಿಸಿತು. “ಆದ್ರ ಮೊದಲ ಹಳೇ ಬಣ್ಣ ಎಲ್ಲಾ ಕೆರದು, ಬರೇ ತಗಡು ಕಾಣೂಹಂಗ ಮಾಡಿ, ತುಕ್ಕು ಹಿಡೀದಂಗ ರೆಡಾಕ್ಸೈಡ್ ಹಚ್ಚಿ ಆಮ್ಯಾಲೆ ಇದನ್ನ ಹಚ್ಚೂಣು ಕಾಕಾ,” ಎಂದೆ. “ಕೀವು ಒಳಗ ಇಟ್ಟು ಪಟ್ಟಿ ಕಟ್ಟಬಾರದು.”

ಪೇಂಟರ ತಲೆ ಎತ್ತಿ ಕಾಕಾ ಅವರನ್ನು ನೋಡಿದ. ಕಾಕಾ ನಕ್ಕರು. “ಇದು ಗಾಡಿ ಐತವಾ, ಗಾಯ ಅಲ್ಲ. ಮಿರಗದ ಮಳಿ ಬಾಗಲಿಗೆ ಬಂದೈತಿ. ಕೆರಕೋತ ಕುಂತ್ರ ಈ ವರ್ಷ ಜಾಂಬೋಟಿ ಕಾಣೂದಿಲ್ಲ ನೀ. ತಳಾ ನಾ ನೋಡೇನಿ. ಗಟ್ಟಿ ಐತಿ.”

ತಳ ನಾನು ನೋಡಿದ್ದೇನೆ ಎಂದು ಅವರು ಅಂದ ಮೇಲೆ ನನಗೆ ಇನ್ನೇನು ಬೇಕಿತ್ತು? ಹೂಂ ಎಂದೆ. ಹಳೆಯ ಬಣ್ಣದ ಮೇಲೆಯೇ ದಪ್ಪಗೆ ಲೇಪ ಬಿತ್ತು. ಒಣಗಿದ ಮೇಲೆ ತಳ ಎಮ್ಮೆಯ ಮೈಯಂತೆ ಮಿರಮಿರ ಮಿಂಚುತ್ತಿತ್ತು. ಅವ್ವ ಜೀಪಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು.

ನನ್ನ ಜೊತೆಗೆ ನರ್ಸಬಾಯಿ ಇರುತ್ತಿದ್ದಳು. ಖಾನಾಪುರದವಳೇ, ಮನೆಯಲ್ಲಿ ಮರಾಠಿ, ನನ್ನೊಡನೆ ಕನ್ನಡ. ಗುಡ್ಡದ ಹಳ್ಳಿಗಳಲ್ಲಿ ಜೀಪು ಹೋಗದ ಕಡೆಗೆಲ್ಲ ಔಷಧದ ಪೆಟ್ಟಿಗೆ ಹೊತ್ತು ನನಗಿಂತ ಮುಂದೆ ನಡೆಯುತ್ತಿದ್ದಳು. ಮೊದಲ ವಾರವೇ ಅವಳು, “ಬಿಸಲಿಗೆ ಹಿಂದ ಮೀನಿನ ವಾಸನಿ ಬರತೈತ್ರಿ,” ಎಂದಿದ್ದಳು. ಮಿಲ್ಟ್ರಿ ಗಾಡಿಯಲ್ಲಿ ಮೀನೆಲ್ಲಿಂದ ಬರಬೇಕು ಎಂದು ಇಬ್ಬರೂ ನಕ್ಕೆವು.

ಆ ಮಳೆಗಾಲ ಜೋರಾಗಿತ್ತು. ಜಾಂಬೋಟಿಯ ಆಚೆ ಒಂದು ಹಳ್ಳಿಯಲ್ಲಿ ಜ್ವರ ಹಬ್ಬಿದೆ ಎಂದು ಕರೆ ಬಂತು. ಭತ್ತದ ಗದ್ದೆಗಳ ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ನರ್ಸಬಾಯಿ ಹಿಂದೆ ಕುಳಿತು ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ಇಳಿಜಾರಿನಲ್ಲಿ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ಹಿಂದಿನಿಂದ ಏನೋ ಹರಿದ ಸದ್ದು. ಆಮೇಲೆ ಅವಳ ತಗ್ಗಿದ ದನಿ: “ಡಾಕ್ಟರಬಾಯಿ, ಗಾಡಿ ನಿಂದರಸ್ರಿ.”

ತಿರುಗಿ ನೋಡಿದೆ. ಅವಳ ಬಲಗಾಲು ಮೊಣಕಾಲಿನವರೆಗೆ ತಳದೊಳಗೆ ಇಳಿದುಹೋಗಿತ್ತು. ಜೀಪು ನಿಲ್ಲುವಷ್ಟರಲ್ಲಿ ಪಾದ ರಸ್ತೆಗೆ ಸಿಕ್ಕಿ ತಿರುಚಿತ್ತು; ಹರಿದ ತಗಡು ಮೀನಖಂಡವನ್ನು ಸೀಳಿತ್ತು. ಕೆಳಗೆ ಕೆಸರಿನಲ್ಲಿ ಮಲಗಿ, ತಗಡನ್ನು ಬಗ್ಗಿಸಿ ಕಾಲು ಬಿಡಿಸಿದೆ. ಗಾಯಕ್ಕೆ ಹೊಲಿಗೆ ಹಾಕಿದೆ. ಪಾದದ ಹರಡಿನ ಮುರಿದ ಎಲುಬಿಗೆ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ನಡೆಯತೊಡಗಿದಳು, ಆದರೆ ಕಾಲೆಳೆಯುತ್ತ. ಗುಡ್ಡದ ಹಳ್ಳಿಗಳು ಅವಳ ಪಾಲಿಗೆ ಅಲ್ಲಿಗೆ ಮುಗಿದವು.

ಜೀಪನ್ನು ವಡಗಾವಿಗೆ ಒಯ್ದೆ. ಪೇಂಟರ ಉಳಿ ಹಾಕಿ ಕಪ್ಪು ಲೇಪವನ್ನು ಎಬ್ಬಿಸಿದ. ಅದು ಚರ್ಮದಂತೆಯೇ ಇಡಿಯಾಗಿ ಎದ್ದುಬಂತು. ಕೆಳಗಿನ ತಗಡು ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ತೂತುಗಳಲ್ಲಿ ಡಾಂಬರಿನಲ್ಲಿ ಅದ್ದಿದ ಗೋಣಿಯ ಚೂರುಗಳನ್ನು ತುರುಕಿ, ಮೇಲೆ ಡಬ್ಬಿಯ ತಗಡು ಇಟ್ಟು ಬಣ್ಣ ಬಳಿದಿದ್ದರು. ತಾನಾಗಿ ಆಗುವ ಕೆಲಸವಲ್ಲ ಅದು.

“ಇದನ್ನ ಯಾರು ಮಾಡಿದ್ದು?” ಎಂದೆ.

ಪೇಂಟರ ಉಳಿಯನ್ನು ಕೆಳಗಿಟ್ಟ. “ನಾನ ಮಾಡಿದ್ದು. ಕಾಕಾ ಹೇಳಿದ್ರು. ಇದು ಅವರ ಅಳಿಯಂದರ ಗಾಡಿ ಅಲ್ರಿ? ಗೋವಾದಾಗ ಮೀನ ಹೇರಾಕ ಬಾಡಿಗಿಗೆ ಕೊಟ್ಟಿದ್ರು. ಉಪ್ಪನೀರು ತಿಂದಬಿಟ್ಟೈತಿ.” ನನ್ನ ಮುಖ ನೋಡಿ ಅವನ ದನಿ ಇಳಿಯಿತು. “ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ ಬಾಯಿ. ನೀವು ಅವರ ಮಗಳಿದ್ದಂಗ.”

ಅಲ್ಲಿಂದ ನೇರ ಹಿಂದವಾಡಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಬಸಿಯಲ್ಲಿ ಚಹಾ ಆರಿಸುತ್ತಿದ್ದರು. ನನ್ನನ್ನು ಕಂಡು ಬಸಿ ಕೆಳಗಿಟ್ಟರು.

“ಆ ಗಾಡಿ ಯಾರದು ಕಾಕಾ?”

“ಗೊತ್ತಾತೇನು,” ಎಂದರು. “ಮಗಳ ಸಂಸಾರ ಮುಳುಗೂ ಹಂಗಾಗಿತ್ತವಾ. ಆ ಗಾಡಿ ಹೊರಗಿನವರು ಯಾರೂ ತಗೋತಿರಲಿಲ್ಲ.”

“ಅದಕ್ಕ ಮನಿ ಮಗಳಿಗೆ ಕೊಟ್ರಿ.”

“ನೀ ಹುಷಾರಿ ನಡಸ್ತಿ. ಒಂದ ಮಳಿಗಾಲ ಸಂಬಾಳಸ್ತಿ, ಆಮ್ಯಾಲೆ ನಾನ ಹೊಸಾ ತಗಡ ಹಾಕಿಸಿಕೊಡಬೇಕಂತ ಮಾಡಿದ್ದೆ.”

“ಹಿಂದ ಕುಂತಾಕಿ?”

ಅವರು ಕೆಳಗಿಟ್ಟ ಬಸಿಯನ್ನು ಮತ್ತೆ ಕೈಗೆತ್ತಿಕೊಂಡರು. ಹಿಂದೆ ಒಬ್ಬಳು ಕೂರುತ್ತಾಳೆ ಎಂಬುದು ಅವರ ಲೆಕ್ಕದಲ್ಲಿ ಬಂದೇ ಇರಲಿಲ್ಲ ಎಂದು ಆಗ ತಿಳಿಯಿತು. ಅಪರಿಚಿತರು ಮೋಸ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ಕಾಕಾ ನನ್ನನ್ನು ಬೇರೆ ಕಾರಣಕ್ಕೆ ಆರಿಸಿದ್ದರು. ಅವರು ನೋಡಿದ್ದೇನೆ ಎಂದರೆ ನಾನು ಮತ್ತೆ ಬಗ್ಗಿ ನೋಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಪ್ಪ ಹೋದ ಮೇಲಿನ ಇಷ್ಟು ವರ್ಷಗಳ ನನ್ನ ವಿಶ್ವಾಸವನ್ನು ಅವರು ಒಂದು ಬೇಸಿಗೆಯಲ್ಲಿ ಖರ್ಚು ಮಾಡಿಬಿಟ್ಟಿದ್ದರು.

ತಳವನ್ನು ಪೂರ್ತಿ ಕತ್ತರಿಸಿ ತೆಗೆಸಿ ಹೊಸ ತಗಡು ಬೆಸೆಸಿದೆ. ನಾನೇ ಎದುರಿಗೆ ನಿಂತು ರೆಡಾಕ್ಸೈಡ್ ಹಚ್ಚಿಸಿ, ಅದು ಒಣಗಿದ ಮೇಲೆ ಲೇಪವನ್ನು ತೆಳ್ಳಗೆ, ಒಂದರ ಮೇಲೊಂದು ಹಚ್ಚಿಸಿದೆ. ಆ ಜೀಪು ಬಹಳ ವರ್ಷ ಓಡಿತು.

ಕಾಕಾ ಒಮ್ಮೆ ಬಸ್ಸು ಹತ್ತಿ ಖಾನಾಪುರಕ್ಕೆ ಬಂದಿದ್ದರು, ಚೀಲದ ತುಂಬ ಕಿತ್ತಳೆ ಹಣ್ಣು ಹಿಡಿದುಕೊಂಡು. “ಬರ್ರಿ, ಕುಂದರ್ರಿ,” ಎಂದಳು ನರ್ಸಬಾಯಿ. ಕುಳಿತರು. ಮಳೆಯ ಸುದ್ದಿ ಕೇಳಿದರು, ಅವಳ ತಾಯಿಯ ಸುದ್ದಿ ಕೇಳಿದರು. ಎದುರಿಗೆ ಸ್ಟೂಲಿನ ಮೇಲೆ ಚಾಚಿದ್ದ ಕಾಲಿನ ಸುದ್ದಿ ಕೇಳಲಿಲ್ಲ. ಅವರು ಹೋದ ಮೇಲೆ ಅವಳು ಹಣ್ಣುಗಳನ್ನೆಲ್ಲ ರೋಗಿಗಳಿಗೆ ಹಂಚಿದಳು. ಆಮೇಲೆ ನಾನು ಹಿಂದವಾಡಿಗೆ ಹೋದಾಗಲೆಲ್ಲ ಗೋಡೆಯ ಆಚೆಯಿಂದ “ಆರಾಮೇನವಾ?” ಎನ್ನುತ್ತಿದ್ದರು. “ಆರಾಮ,” ಎಂದು ಒಳಗೆ ನಡೆಯುತ್ತಿದ್ದೆ. ನಮ್ಮ ನಡುವೆ ಉಳಿದದ್ದು ಅಷ್ಟೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾಕಾ ತೀರಿಕೊಂಡರು. ಎದೆನೋವು, ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಹೊರಟಾಗ ನರ್ಸಬಾಯಿ ಕರೆಯದೆಯೇ ಬಂದು ಜೀಪು ಹತ್ತಿದಳು. ಪಡಸಾಲೆಯಲ್ಲಿ ಅವರನ್ನು ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಈಗಲೂ ಏನೋ ಹೇಳುವವರಂತೆ ಕಾಣುತ್ತಿದ್ದರು. ತಪ್ಪಾಯಿತು ಎಂಬ ಒಂದು ಮಾತಿಗೆ ನಾನು ಇಷ್ಟು ವರ್ಷ ಕಾದಿದ್ದೆ. ಅವರ ಹೆಂಡತಿ, ಕಾಕು, ನನ್ನ ಕೈ ಹಿಡಿದು, “ನಿನ್ನ ಮ್ಯಾಲೆ ಭಾಳ ಜೀವ ಇತ್ತವಾ ಅವರಿಗೆ,” ಎಂದು ಅತ್ತರು. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನರ್ಸಬಾಯಿ ಕಾಲೆಳೆಯುತ್ತ ಹೋಗಿ ಅವರ ಮುಂದೆ ಬಿಲ್ವಪತ್ರೆ ಇಟ್ಟು ಕೈಮುಗಿದಳು. ನನ್ನ ಕೈಯಲ್ಲಿದ್ದ ಪತ್ರೆಯನ್ನು ಇಡಲು ನನಗೆ ಬಹಳ ಹೊತ್ತು ಹಿಡಿಯಿತು.

ಮರಳುವಾಗ ದಾರಿಯಲ್ಲಿ ಕೇಳಿದೆ, “ನೀ ಯಾಕ ಬಂದಿ?”

“ನನ್ನ ಕಾಲು ಹೆಂಗೋ ಕೂಡಿಕೊಂತ್ರಿ,” ಎಂದಳು. “ನಿಮಗಿನ್ನೂ ನೋವೈತಿ. ಒಬ್ಬರನ್ನ ಕಳಸಬಾರದಂತ ಬಂದೆ.”

ದೇಸೂರು ದಾಟಿದ ಮೇಲೆ ಜೀಪನ್ನು ಬದಿಗೆ ನಿಲ್ಲಿಸಬೇಕಾಯಿತು. ಅಳು ಬಂದದ್ದು ಕಾಕಾ ಹೋದದ್ದಕ್ಕೋ, ತಪ್ಪಾಯಿತು ಎಂಬ ಆ ಮಾತು ಹೇಳದೆ ಹೋದದ್ದಕ್ಕೋ ಇಂದಿಗೂ ನನಗೆ ತಿಳಿದಿಲ್ಲ. ನಾನು ಮತ್ತೆ ಹೊರಡುವವರೆಗೆ ಅವಳು ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು.